ಔತಣಕ್ಕೆ ಕರೆಯದ ಆರು ಮಂದಿ

ಕಂಪ್ಯೂಟರ್ ಎಂಬುದು ಒಂದು ಕಾಲದಲ್ಲಿ ಯಂತ್ರದ ಹೆಸರಾಗಿರಲಿಲ್ಲ, ಮನುಷ್ಯರು ಮಾಡುವ ಕೆಲಸದ ಹೆಸರಾಗಿತ್ತು ಎಂಬುದು ನಿಮಗೆ ಗೊತ್ತೇ? ಕುಳಿತು ಲೆಕ್ಕ ಹಾಕುವವರನ್ನು ಹಾಗೆ ಕರೆಯುತ್ತಿದ್ದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ, ಸೈನ್ಯಕ್ಕಾಗಿ ಈ ಕೆಲಸ ಮಾಡುತ್ತಿದ್ದವರಲ್ಲಿ ಬಹುಪಾಲು ಜನ ಗಣಿತ ಓದಿದ ಯುವತಿಯರು. ಫಿರಂಗಿಯನ್ನು ಇಷ್ಟು ಎತ್ತರಕ್ಕೆ ಏರಿಸಿ ಹಾರಿಸಿದರೆ ಗುಂಡು ಎಲ್ಲಿಗೆ ಹೋಗಿ ಬೀಳುತ್ತದೆ ಎಂಬ ಒಂದೇ ಒಂದು ಲೆಕ್ಕ ಮುಗಿಸಲು ಮೂವತ್ತರಿಂದ ನಲವತ್ತು ಗಂಟೆ ಹಿಡಿಯುತ್ತಿತ್ತು. ಅಂಥ ಲೆಕ್ಕಗಳು ಸಾವಿರಾರು ಬೇಕಿದ್ದವು. (ಕೊಲ್ಲುವ ಕೆಲಸಕ್ಕೆ ಬುದ್ಧಿ ಖರ್ಚಾಗುವುದು ಸರಿಯೇ ಎಂಬ ಪ್ರಶ್ನೆ ನಿಮಗೆ ಬಂದಿರಬಹುದು. ಅದು ದೊಡ್ಡ ಪ್ರಶ್ನೆ; ಅದಕ್ಕೆ ಬೇರೆಯೇ ಲೇಖನ ಬೇಕು.)

ಈ ಲೆಕ್ಕಗಳನ್ನು ಬೇಗ ಮುಗಿಸಲೆಂದೇ ಎನಿಯಾಕ್ ಎಂಬ ಯಂತ್ರವನ್ನು ಅಲ್ಲಿ ಕಟ್ಟಿದರು. ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ವಾಲ್ವುಗಳು ಅದರಲ್ಲಿ ಸುಮಾರು 18,000. ತೂಕ ಸುಮಾರು 30 ಟನ್. ಅದಕ್ಕೆ ಕೆಲಸ ಕಲಿಸಲು 1945ರಲ್ಲಿ ಆರು ಮಂದಿ ಯುವತಿಯರನ್ನು ಆರಿಸಲಾಯಿತು. ಅವರ ಹೆಸರುಗಳನ್ನು ಪೂರ್ತಿಯಾಗಿಯೇ ಬರೆಯುತ್ತೇನೆ, ದಯವಿಟ್ಟು ಬಿಡದೆ ಓದಿ: ಕೇ ಮೆಕ್‌ನಲ್ಟಿ, ಫ್ರಾನ್ಸಿಸ್ ಬೈಲಸ್, ಬೆಟ್ಟಿ ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ರೂತ್ ಲಿಕ್ಟರ್‌ಮನ್. ಮೊದಲಿನ ಇಬ್ಬರು ಚೆಸ್ಟ್‌ನಟ್ ಹಿಲ್ ಎಂಬಲ್ಲಿ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಮಹಿಳಾ ಕಾಲೇಜಿನಲ್ಲಿ ಗಣಿತ ಓದಿ 1942ರಲ್ಲಿ ಪದವಿ ಪಡೆದವರು. ಕೇ ಹುಟ್ಟಿದ್ದು ಐರ್ಲೆಂಡಿನ ಡೊನೆಗಾಲ್‌ನಲ್ಲಿ. ಅಲ್ಲಿಂದ ಅಮೆರಿಕಕ್ಕೆ ಬಂದ ಕುಟುಂಬದ ಮಗಳು.

ಇವರಿಗೆ ಪಾಠ ಹೇಳುವವರು ಯಾರೂ ಇರಲಿಲ್ಲ. ಹೇಳಲು ಪಾಠವೇ ಇನ್ನೂ ಹುಟ್ಟಿರಲಿಲ್ಲ. ಯಂತ್ರ ರಹಸ್ಯದ್ದಾದ್ದರಿಂದ ಮೊದಮೊದಲು ಅದಿರುವ ಕೋಣೆಯೊಳಗೆ ಕಾಲಿಡಲೂ ಅನುಮತಿ ಸಿಗಲಿಲ್ಲ. ಕೈಗೆ ಕೊಟ್ಟದ್ದು ಯಂತ್ರದ ನಕ್ಷೆಗಳನ್ನು ಮಾತ್ರ. ನಕ್ಷೆ ಹರಡಿಕೊಂಡು, ಗೊತ್ತಿದ್ದವರನ್ನು ಕೇಳುತ್ತಾ, ಒಬ್ಬರಿಗೊಬ್ಬರು ಹೇಳಿಕೊಡುತ್ತಾ ಯಂತ್ರದ ಒಳಗನ್ನು ಅರ್ಥ ಮಾಡಿಕೊಂಡರು. ಇಂದಿನ ಹಾಗೆ ಕೀಲಿಮಣೆಯ ಮುಂದೆ ಕುಳಿತು ಆಜ್ಞೆ ಬರೆಯುವ ಕೆಲಸವಲ್ಲ ಅದು. ಒಂದೊಂದು ಲೆಕ್ಕಕ್ಕೂ ನೂರಾರು ತಂತಿಗಳನ್ನು ಕಿತ್ತು ಬೇರೆಡೆ ಸಿಕ್ಕಿಸಬೇಕು, ಸ್ವಿಚ್ಚುಗಳನ್ನು ತಿರುಗಿಸಿ ಇಡಬೇಕು. ಇಷ್ಟಾದರೂ ಸರ್ಕಾರದ ದಾಖಲೆಯಲ್ಲಿ ಅವರ ಹುದ್ದೆ ವೃತ್ತಿಪರರಿಗಿಂತ ಕೆಳಗಿನ ದರ್ಜೆಯದು.

1946ರ ಫೆಬ್ರವರಿ 15ರಂದು ಎನಿಯಾಕನ್ನು ಲೋಕಕ್ಕೆ ತೋರಿಸುವ ಸಮಾರಂಭ. ಗುಂಡಿನ ದಾರಿಯನ್ನು ಯಂತ್ರವೇ ಲೆಕ್ಕ ಹಾಕಿ ತೋರಿಸಬೇಕು. ಅದನ್ನು ಸಿದ್ಧ ಮಾಡಿದ್ದು ಜೆನ್ನಿಂಗ್ಸ್ ಮತ್ತು ಸ್ನೈಡರ್. ಹಿಂದಿನ ಸಂಜೆಯವರೆಗೂ ಒಂದು ತಪ್ಪು ಅವರನ್ನು ಕಾಡಿತು: ಗುಂಡು ನೆಲ ಮುಟ್ಟಿದ ಮೇಲೂ ಯಂತ್ರ ನಿಲ್ಲದೆ ಲೆಕ್ಕ ಮುಂದುವರಿಸುತ್ತಿತ್ತು, ಗುಂಡು ನೆಲದೊಳಗೇ ಸಾಗುತ್ತಿರುವಂತೆ! ದಾರಿ ಕಾಣದೆ ಮನೆಗೆ ಹೋದರು. ರಾತ್ರಿ ಕಳೆಯುವಷ್ಟರಲ್ಲಿ ಸ್ನೈಡರ್‌ಗೆ ಉತ್ತರ ಹೊಳೆದಿತ್ತು. ಬೆಳಿಗ್ಗೆ ಬಂದು ಒಂದು ಸ್ವಿಚ್ಚು ಬದಲಿಸಿದರು, ಎಲ್ಲ ಸರಿಹೋಯಿತು. ಅತಿಥಿಗಳ ಮುಂದೆ ಎನಿಯಾಕ್ ಆ ಲೆಕ್ಕವನ್ನು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸಿತು. ನಿಜವಾದ ಗುಂಡು ಗುರಿ ಮುಟ್ಟಲು ಮೂವತ್ತು ಸೆಕೆಂಡು ಬೇಕು.

ಸಂಜೆ ದೊಡ್ಡ ಔತಣವಾಯಿತು. ಆರು ಮಂದಿಯಲ್ಲಿ ಯಾರಿಗೂ ಕರೆಯಿರಲಿಲ್ಲ. ಯಂತ್ರ ಕಟ್ಟಿದ ಗಂಡಸರ ಹೆಸರುಗಳು ಪತ್ರಿಕೆಗಳಲ್ಲಿ ಬಂದವು. ಈ ಹೆಣ್ಣುಮಕ್ಕಳು ಚಳಿಯಲ್ಲಿ ಮನೆಗೆ ನಡೆದರು.

ಸುಮಾರು ನಲವತ್ತು ವರ್ಷಗಳ ಬಳಿಕ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಚಿತ್ರಗಳಲ್ಲಿ ಯಂತ್ರದ ಪಕ್ಕ ನಿಂತ ಯುವತಿಯರನ್ನು ಕಂಡು, ಇವರು ಯಾರು ಎಂದು ವಿಚಾರಿಸಿದಳು. ಯಂತ್ರ ಚೆನ್ನಾಗಿ ಕಾಣಲಿ ಎಂದು ನಿಲ್ಲಿಸಿದ ರೂಪದರ್ಶಿಗಳು ಎಂಬ ಉತ್ತರ ಬಂತು. ಅವಳು ನಂಬಲಿಲ್ಲ. ಹುಡುಕಿ ಹೋಗಿ ಅವರನ್ನು ಮಾತನಾಡಿಸಿದಳು. 1997ರಲ್ಲಿ ಆರು ಮಂದಿಗೂ ಗೌರವ ಸಂದಾಗ ರೂತ್ ಲಿಕ್ಟರ್‌ಮನ್ ಕೇಳಿಸಿಕೊಳ್ಳಲು ಇರಲಿಲ್ಲ. ಅವರು 1986ರಲ್ಲೇ ತೀರಿಕೊಂಡಿದ್ದರು.

ಇಲ್ಲಿಯವರೆಗೆ ಓದಿ ನಿಮ್ಮಲ್ಲಿ ಕೆಲವರಾದರೂ ಹೀಗೆ ಯೋಚಿಸುತ್ತಿರಬಹುದು: “ಆದರೇನಂತೆ? ಮರೆಯಲ್ಲಿ ಸೇವೆ ಮಾಡುವುದನ್ನೇ ಅಲ್ಲವೇ ನಮ್ಮ ವಿಶ್ವಾಸ ಕಲಿಸುವುದು? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಲ್ಲ? ನಜರೇತಿನ ಮನೆಯಲ್ಲಿ ಮರಿಯಮ್ಮನವರಿಗೆ ಯಾರು ಹಾರ ಹಾಕಿದರು?” ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ಆಗದು. ಹೆಸರು ಬೇಡವೆಂದು ದುಡಿದ ತಾಯಂದಿರಿಂದಲೇ ನಮ್ಮ ಎಷ್ಟೋ ಮನೆಗಳು ನಿಂತಿವೆ.

ಆದರೆ ಉಪವಾಸ ಮಾಡುವವನ ಹೊಟ್ಟೆಯೂ ಹಸಿದಿರುತ್ತದೆ, ಊಟ ಸಿಗದವನ ಹೊಟ್ಟೆಯೂ ಹಸಿದಿರುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ. ಊಟ ಸಿಗದವನ ಮುಂದೆ ನಿಂತು, ಅದೂ ಅವನ ಪಾಲನ್ನು ನಾವೇ ತಿಂದು ಬಂದು, “ಎಂಥ ಒಳ್ಳೆಯ ಉಪವಾಸ ನಿನ್ನದು” ಎಂದು ಹೊಗಳಿದರೆ ಹೇಗಿರುತ್ತದೆ? ದೀನತೆಯೂ ಹಾಗೆಯೇ. ನನಗೆ ಹೆಸರು ಬೇಡವೆಂದು ನಾನು ಹೇಳಬಹುದು. ಅವಳಿಗೆ ಹೆಸರು ಬೇಡವೆಂದು ನಾನು ಹೇಳುವ ಹಾಗಿಲ್ಲ. ಅವಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ನ್ಯಾಯ. ಸಂದದ್ದನ್ನು ಬೇಕಾದರೆ ಅವಳು ಬಿಟ್ಟುಕೊಡಲಿ, ಆಗ ಅದು ಅವಳ ಪುಣ್ಯ.

ಮತ್ತಾಯನು ರೊಟ್ಟಿ ಹಂಚಿದ ಪ್ರಸಂಗದಲ್ಲಿ ಐದು ಸಾವಿರ ಗಂಡಸರನ್ನು ಎಣಿಸಿ, ಹೆಂಗಸರನ್ನೂ ಮಕ್ಕಳನ್ನೂ ಎಣಿಕೆಯಿಂದ ಹೊರಗಿಟ್ಟಿದ್ದಾನೆ. ಅಂದಿನ ರೂಢಿ ಅದು. ಪ್ರಭು ಯೇಸು ರೊಟ್ಟಿ ಕೊಡುವಾಗ ಹಾಗೆ ಎಣಿಸಲಿಲ್ಲ ಎಂಬುದನ್ನೂ ಗಮನಿಸಿ. ಲೂಕನಾದರೋ, ಯೇಸುವಿನ ಜೊತೆ ಊರೂರು ಸುತ್ತುತ್ತಾ ತಮ್ಮ ಹಣದಿಂದ ನೆರವಾದ ಮಗ್ದಲದ ಮರಿಯ, ಯೊವಾನ್ನ, ಸುಸನ್ನರನ್ನು ಹೆಸರಿಟ್ಟೇ ದಾಖಲಿಸುತ್ತಾನೆ. ಪುನರುತ್ಥಾನದ ಮುಂಜಾನೆ ಇದೇ ಹೆಂಗಸರಲ್ಲಿ ಕೆಲವರು ಓಡಿ ಬಂದು ಸುದ್ದಿ ಹೇಳಿದಾಗ ಪ್ರೇಷಿತರು ಅದನ್ನು ಹುಚ್ಚುಮಾತು ಎಂದುಕೊಂಡರು ಎಂಬುದನ್ನೂ ಅವನು ಮುಚ್ಚಿಡುವುದಿಲ್ಲ.

1995ರ ಜೂನ್ 29ರಂದು ಸಂತ ಎರಡನೆಯ ಜಾನ್ ಪೌಲರು ಲೋಕದ ಎಲ್ಲ ಮಹಿಳೆಯರಿಗೆ ಒಂದು ಪತ್ರ ಬರೆದರು. ಸ್ತ್ರೀಯರ ಘನತೆಯನ್ನು ಕಡೆಗಣಿಸಿದ್ದರಲ್ಲಿ ಧರ್ಮಸಭೆಯ ಮಕ್ಕಳ ಪಾಲೂ ಇದ್ದರೆ ಅದಕ್ಕಾಗಿ ವಿಷಾದ ಸೂಚಿಸಿದರು. ಚರಿತ್ರೆಯ ಪುಸ್ತಕಗಳಲ್ಲಿ ಅವರ ಸಾಧನೆ ಉಳಿದದ್ದು ತೀರಾ ಕಡಿಮೆ ಎಂದು ಒಪ್ಪಿಕೊಂಡರು. ಸಮಾನ ಕೆಲಸಕ್ಕೆ ಸಮಾನ ವೇತನ ಬೇಕೆಂದರು, ದುಡಿಯುವ ತಾಯಂದಿರಿಗೆ ರಕ್ಷಣೆ ಬೇಕೆಂದರು. ನಮ್ಮ ಮನೆಗಳಲ್ಲಿ ಆ ಪತ್ರವನ್ನು ಓದಿದವರು ಎಷ್ಟು ಜನ?

ದೀನತೆಯ ಮಾತು ಬಂದದ್ದರಿಂದ ಇನ್ನೊಬ್ಬರ ವಿಷಯ ಹೇಳಲೇಬೇಕು. ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ 1932ರಲ್ಲಿ ಧನ್ಯ ಕನ್ಯಾಮರಿಯಮ್ಮನವರ ಹೆಸರಿನ ಒಂದು ಕನ್ಯಾಸ್ತ್ರೀ ಸಭೆ ಸೇರಿದವರು. ಬಡತನ, ವಿಧೇಯತೆಗಳ ವ್ರತ ತೊಟ್ಟವರು. 1965ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರೇ. ಆಮೇಲೆ ಅಯೊವಾದ ಡುಬ್ಯೂಕ್ ಊರಿನಲ್ಲಿ ತಮ್ಮ ಸಭೆಯದೇ ಆದ ಕ್ಲಾರ್ಕ್ ಮಹಿಳಾ ಕಾಲೇಜಿನಲ್ಲಿ ಆ ವಿಭಾಗ ತೆರೆದು ಇಪ್ಪತ್ತು ವರ್ಷ ನಡೆಸಿದರು. ಪ್ರಬಂಧದ ಮೇಲೆ ತಮ್ಮ ಹೆಸರಿದ್ದುದರಿಂದ ಆ ಸಿಸ್ಟರ್ ಅವರ ವ್ರತಕ್ಕೇನೂ ಭಂಗ ಬರಲಿಲ್ಲ.

ಇನ್ನು ಕೇ ಮೆಕ್‌ನಲ್ಟಿ. ಅವರು 1948ರಲ್ಲಿ ಎನಿಯಾಕ್ ಕಟ್ಟಿದವರಲ್ಲೊಬ್ಬರಾದ ಜಾನ್ ಮೌಕ್ಲಿಯನ್ನು ಮದುವೆಯಾಗಿ, ಕೆಲಸ ಬಿಟ್ಟು, ಅವರ ಮೊದಲ ಮದುವೆಯ ಇಬ್ಬರು ಮಕ್ಕಳನ್ನೂ ತಮ್ಮ ಐವರನ್ನೂ ಬೆಳೆಸಿದರು. ಮನೆವಾರ್ತೆ ಕೀಳು, ಕಚೇರಿಯೇ ಮೇಲು ಎಂದು ನಾನು ಹೇಳಲಾರೆ, ಹಾಗೆ ಹೇಳುವವರ ಸಮಾನತೆ ನನಗೆ ಅರ್ಥವೂ ಆಗುವುದಿಲ್ಲ. ಅವರು ಬಿಟ್ಟದ್ದು ಕೆಲಸವನ್ನು. ಮಾಡಿದ ಕೆಲಸದ ಮೇಲಿನ ಹೆಸರನ್ನು ಬಿಟ್ಟದ್ದು ಅವರಲ್ಲ.

ನಿಮ್ಮ ಮನೆಯಲ್ಲಿ ಮಗನೂ ಮಗಳೂ ಇದ್ದು, ಇಬ್ಬರಿಗೂ ಲೆಕ್ಕ ಚೆನ್ನಾಗಿ ಬರುತ್ತದೆ, ಆದರೆ ದುಬಾರಿ ಶುಲ್ಕ ಒಬ್ಬರಿಗೆ ಮಾತ್ರ ಕಟ್ಟಲು ಸಾಧ್ಯ ಎಂದಿಟ್ಟುಕೊಳ್ಳಿ. “ಅವಳು ಏನೂ ಅಂದುಕೊಳ್ಳುವುದಿಲ್ಲ, ತುಂಬಾ ಒಳ್ಳೆಯ ಹುಡುಗಿ” ಎಂದು ನೀವು ಹೇಳುವ ಮೊದಲು, ಅವಳನ್ನು ಕೂರಿಸಿಕೊಂಡು ಕೇಳಿದ್ದೀರಾ?