ಕಾಳಿ ಯಾವ ಜಾತಿ?

ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಪಾಳಿಯ ಬಸ್ಸು ಬರುವ ಮೊದಲೇ ಟೀ ಅಂಗಡಿ ತೆರೆದಿರುತ್ತದೆ. ಶಿವಗಂಗೆ ಬೆಟ್ಟಕ್ಕೆ ಇನ್ನೂ ಮಂಜಿನ ಮುಸುಕು. ಮೊನ್ನೆ ಅಲ್ಲಿ ಎರಡು ನಾಯಿಗಳನ್ನು ನೋಡಿದೆ. ಒಂದು ಕಾರಿನಿಂದಿಳಿದ ಲ್ಯಾಬ್ರಡಾರ್. ಇಳಿದದ್ದೇ ತಡ, ಗುರುತು ಪರಿಚಯವಿಲ್ಲದವರ ಕೈಯನ್ನೆಲ್ಲ ಮೂಸಿ, ನನ್ನ ಬನ್ನಿನ ಮುಂದೆ ಬಂದು ಕೂತಿತು. ಇನ್ನೊಂದು ಊರಿನದೇ ಕಂದು ನಾಯಿ, ಹತ್ತು ಮಾರು ದೂರದಲ್ಲಿ ನಿಂತಿತ್ತು. ಅದಕ್ಕೂ ಒಂದು ಚೂರು ಎಸೆದೆ. ನನ್ನ ಕೈ ಪೂರ್ತಿ ಕೆಳಗಿಳಿಯುವ ತನಕ ಕದಲಲಿಲ್ಲ. ಕಲ್ಲು ಬೀಸುವ ಕೈಯೂ ಬನ್ನು ಎಸೆಯುವ ಕೈಯೂ ಮೇಲೇಳುವುದು ಒಂದೇ ಥರ ಎಂದು ಅದಕ್ಕೆ ಗೊತ್ತಿತ್ತು.

“ಅದು ಜಾತಿ ನಾಯಿ ಸಾರ್, ಇದು ಬೀದೀದು” ಎಂದು ಅಂಗಡಿಯವನು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ.

ಜಾತಿ ಎಂದರೇನು? ಹಿಂದಿನವರು ಮಾಡಿಸಿದ ಕೆಲಸ ಮೈಯಲ್ಲಿ ಉಳಿದುಬಿಟ್ಟದ್ದು. ಲ್ಯಾಬ್ರಡಾರಿನ ಪೂರ್ವಿಕರು ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ಜೊತೆ ತಣ್ಣೀರಿಗೆ ಧುಮುಕಿ, ಬಲೆ ತಪ್ಪಿಸಿಕೊಂಡ ಮೀನು ತಂದುಕೊಡುತ್ತಿದ್ದವು. ಕೊಂಡಾಟ ಅವುಗಳಿಗೆ ರಕ್ತಗತ. ಹಸಿವೂ ಹಾಗೆಯೇ: ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವಿಗೆ ಕಡಿವಾಣ ಹಾಕುವ ವಂಶವಾಹಿಯ ಒಂದು ತುಣುಕೇ ಇಲ್ಲ ಎಂದು 2016ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಕಂಡುಕೊಂಡರು. ನಾನು ಸ್ನೇಹ ಎಂದುಕೊಂಡದ್ದರಲ್ಲಿ ಬನ್ನಿನ ಪಾಲೆಷ್ಟೋ!

ನಮ್ಮ ಮುಧೋಳ ನಾಯಿಯದು ಬೇರೆಯೇ ಗತ್ತು. ಒಣಕಲು ಮೈ, ಆಳವಾದ ಎದೆ, ಉದ್ದ ಕಾಲು. ಮೂಗಿಗಿಂತ ಕಣ್ಣನ್ನು ನಂಬಿ, ಬಯಲಿನಲ್ಲಿ ಮೊಲವನ್ನು ಅಟ್ಟಿಸಿಕೊಂಡು ಓಡಲೆಂದೇ ಬೆಳೆಸಿದ್ದು. ಅಪರಿಚಿತರು ತಲೆ ಸವರಲು ಹೋದರೆ ಹಿಂದೆ ಸರಿಯುತ್ತದೆ. ಅದು ಜಂಬವಲ್ಲ, ಸಂಕೋಚ. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಇಂಥ ಜೋಡಿಯೊಂದನ್ನು ಐದನೇ ಜಾರ್ಜ್ ದೊರೆಗೇ ಕಾಣಿಕೆ ಕೊಟ್ಟರು. ಅದೇ ನಾಯಿಯನ್ನು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕಟ್ಟಿಹಾಕಿದರೆ ಸೋಫಾ ಹರಿಯದೆ ಇನ್ನೇನು ಮಾಡೀತು?

ಹಾಗಾದರೆ ಜಾತಿ ನೋಡಿದರೆ ಗುಣ ತಿಳಿದಂತೆಯೇ? 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ನಡತೆಯನ್ನು ಅವುಗಳ ಯಜಮಾನರಿಂದ ಕೇಳಿ ತಿಳಿದು ಲೆಕ್ಕ ಹಾಕಿತು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಶೇಕಡಾ 9ರಷ್ಟು ಮಾತ್ರ. ಬೆಸ್ತರ ಬಲೆ, ಬಯಲಿನ ಮೊಲ ಎಲ್ಲ ಆ ಒಂಬತ್ತರಲ್ಲೇ ಬಂತು. ಮಿಕ್ಕದ್ದು ಆಯಾ ನಾಯಿಯದು, ಅದು ಕಂಡ ಕೈಗಳದು. ನನಗೆ ಬೆರಗು ಹುಟ್ಟಿಸುವುದು ಆ ಮಿಕ್ಕದ್ದೇ. ಸೋಂಪುರದ ಕಂದು ನಾಯಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಆದರೂ ಪಾಳಿ ಬಿಟ್ಟು ಬರುವ ನೂರು ಜನರಲ್ಲಿ ಯಾರ ಡಬ್ಬಿಯಲ್ಲಿ ಮುದ್ದೆ ಉಳಿದಿದೆ, ಯಾರ ಕಾಲು ಒದೆಯುತ್ತದೆ ಎಂಬುದು ಅದಕ್ಕೆ ಬಾಯಿಪಾಠ.

ಒಂದು ನಾಯಿಯನ್ನು ಅದರ ಗುಣಕ್ಕಾಗಿಯೇ ನೆನೆದ ಹಳೆಯ ಕಥೆಯೊಂದಿದೆ. ಕ್ರಿ.ಶ. 949ರ ತಕ್ಕೋಲ ಯುದ್ಧದಲ್ಲಿ ಮಣಲೇರ ಎಂಬ ವೀರ ಪರಾಕ್ರಮ ಮೆರೆದ. ಗಂಗದೊರೆ ಬೂತುಗ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮದ್ದೂರು ಸೀಮೆಯ ಆತಕೂರಿನಲ್ಲಿ ಕಾಳಿಗೆ ಕಲ್ಲು ನೆಟ್ಟರು, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಯ ಹೆಸರು ಆ ಕಲ್ಲಿನ ಬರಹದಲ್ಲಿದೆ, ಹಂದಿಯೊಡನೆ ಸೆಣಸಿದ್ದೂ ಇದೆ. ಯಾವ ಜಾತಿ ಎಂದು ಬರೆದಿಲ್ಲ.