ನಮ್ಮವರ ನಡುವೆ ಕರಾರುಪತ್ರವೇಕೆ?

“ನಮ್ಮವನೇ ಅಲ್ಲವೇ, ಕಾಗದಪತ್ರ ಏಕೆ?” ಹೊರನಾಡಿನಲ್ಲಿರುವ ನಾವು ಈ ಮಾತನ್ನು ಆಗಾಗ ಆಡುತ್ತೇವೆ. ಪರಸ್ಥಳದಲ್ಲಿ ಕನ್ನಡ ಆಡುವವನೊಬ್ಬ ಸಿಕ್ಕರೆ ಅರ್ಧ ಬಂಧುವೇ ಸಿಕ್ಕಂತೆ. ಅಂಥವನ ಮುಂದೆ ಕರಾರುಪತ್ರ ಇಡುವುದು ಅವನನ್ನು ಶಂಕಿಸಿದಂತೆ ಎಂಬುದು ನಮ್ಮ ಭಾವನೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ?

ಈಗ ಅಂಗಡಿ, ಶಾಲೆ, ಸಂಘಗಳೆಲ್ಲ ತಮ್ಮ ವೆಬ್‌ಸೈಟನ್ನು ಹೊರಗಿನವರಿಗೆ ವಹಿಸಿ ಮಾಡಿಸುತ್ತವೆ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. “ಒಂದು ಒಳ್ಳೆಯ ವೆಬ್‌ಸೈಟ್ ಮಾಡಿಕೊಡಪ್ಪ” ಎನ್ನುತ್ತಾರೆ ಹಿರಿಯರು. “ಆಗಲಿ ಸಾರ್” ಎನ್ನುತ್ತಾನೆ ಹುಡುಗ. ಹಿರಿಯರ ಮನಸ್ಸಿನಲ್ಲಿರುವುದು ಇಪ್ಪತ್ತು ಪುಟ, ಎರಡು ಭಾಷೆ. ಹುಡುಗನ ಮನಸ್ಸಿನಲ್ಲಿ ಐದೇ ಪುಟ. ಇಬ್ಬರೂ ಪ್ರಾಮಾಣಿಕರು, ಆದರೂ ಜಗಳ ತಪ್ಪದು. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ ಎನ್ನುತ್ತದೆ 1872ರ ಕರಾರು ಕಾಯಿದೆ. ಬಾಯಿಮಾತಿನ ಕರಾರಿಗೂ ಆ ಕಾಯಿದೆಯ ಮಾನ್ಯತೆಯುಂಟು. ನಮ್ಮ ಹಳ್ಳಿಗಳಲ್ಲಿ ಕೊಟ್ಟ ಮಾತಿಗೆ ಊರೇ ಸಾಕ್ಷಿಯಾಗಿತ್ತು. ಈ ಮಹಾನಗರದಲ್ಲಿ ಆ ಸಾಕ್ಷಿಯನ್ನು ಎಲ್ಲಿಂದ ತರೋಣ?

ಒಡೆತನದ ಪ್ರಶ್ನೆ ಇನ್ನೂ ಸೂಕ್ಷ್ಮ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಂಬಳದ ನೌಕರ ತನ್ನ ಕೆಲಸದ ಅಂಗವಾಗಿ ಬರೆದ ಪ್ರೋಗ್ರಾಮು, ಬೇರೆ ಒಪ್ಪಂದವಿಲ್ಲದಿದ್ದರೆ, ಯಜಮಾನನದು. ಹೊರಗಿನವನು ಬರೆದದ್ದು ಸಾಮಾನ್ಯವಾಗಿ ಬರೆದವನದೇ. ಹಣ ಕೊಟ್ಟಮಾತ್ರಕ್ಕೆ ಹಕ್ಕು ಕೈಸೇರದು. ಅದನ್ನು ಬರೆದುಕೊಟ್ಟು ಸಹಿ ಹಾಕಬೇಕು. ಅವಧಿ ನಮೂದಿಸದಿದ್ದರೆ ಆ ಹಕ್ಕು 5 ವರ್ಷಕ್ಕಷ್ಟೇ ಎಂದು ಕಾಯಿದೆ ಭಾವಿಸುತ್ತದೆ. ಡೊಮೈನ್ ಹೆಸರು ಯಾರ ಹೆಸರಿನಲ್ಲಿ, ಪಾಸ್‌ವರ್ಡ್ ಯಾರ ಬಳಿ ಎಂಬುದನ್ನೂ ಮೊದಲೇ ತೀರ್ಮಾನಿಸದಿದ್ದರೆ ನಾಳೆ ಸ್ನೇಹವೇ ಮುರಿದೀತು.

ಹಾಗೆಂದು ಕಾಗದವಿದ್ದಲ್ಲಿ ನ್ಯಾಯವಿದೆ ಎಂದಲ್ಲ. ದಿನವೂ ಕಡತಗಳ ನಡುವೆ ಕೂರುವ ನನ್ನಂಥ ಗುಮಾಸ್ತನಿಗೆ ಓದದೆ ಹಾಕಿದ ಸಹಿ ಹೊಸದಲ್ಲ. ಹಣವುಳ್ಳವರು ಸಣ್ಣಕ್ಷರದ ಹತ್ತು ಪುಟ ಮುಂದಿಟ್ಟು “ಇಲ್ಲಿ ಸಹಿ ಹಾಕು” ಎನ್ನುತ್ತಾರೆ. ಕೆಲಸ ತಡವಾದರೆ ದಂಡ. ಹಣ ತಡವಾದರೆ ಅದರಲ್ಲಿ ಒಂದು ಸಾಲೂ ಇಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! ಇದನ್ನು ಬಲ್ಲುದರಿಂದಲೇ 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆ, ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಹಣ ಪಾವತಿಸಲು 45 ದಿನಗಳನ್ನು ಮೀರಿದ ಗಡುವು ಕೂಡದೆಂದು ವಿಧಿಸಿದೆ.

ಆದುದರಿಂದ ಪತ್ರ ಬರೆಯಬೇಕೇ ಎಂಬುದಕ್ಕಿಂತ ಯಾರ ಹಿತಕ್ಕಾಗಿ ಬರೆಯುತ್ತೇವೆ ಎಂಬುದೇ ಧರ್ಮದ ಪ್ರಶ್ನೆ. ನಾನು ಅವನ ಜಾಗದಲ್ಲಿದ್ದರೆ ಇದಕ್ಕೆ ಸಹಿ ಹಾಕುತ್ತಿದ್ದೆನೇ ಎಂದು ಬರೆಯುವವನು ಕೇಳಿಕೊಳ್ಳಲಿ. ಕೆಲಸವೇನು, ಯಾವಾಗ, ಹಣದ ಕಂತು ಎಷ್ಟು, ಬದಲಾವಣೆಯ ಖರ್ಚು ಯಾರದು, ಒಡೆತನ ಯಾರದು ಎಂಬುದಕ್ಕೆ ಒಂದು ಪುಟ ಸಾಕು. ಅದು ಕನ್ನಡದಲ್ಲೇ ಇದ್ದರೂ ಕಾನೂನಿನ ಅಡ್ಡಿಯಿಲ್ಲ. ನಮ್ಮವನು ಎಂಬ ಅಭಿಮಾನವಿದ್ದರೆ ಅವನಿಗೆ ಸಲ್ಲಬೇಕಾದುದನ್ನು ನಾವೇ ಮೊದಲ ಸಾಲಿನಲ್ಲಿ ಬರೆಯೋಣ.