ಯಾವ ನೆನಪನ್ನು ಕಟ್ಟಿಡುತ್ತೇವೆ?

ಕುರ್‌ಆನನ್ನು ಕಂಠಪಾಠ ಮಾಡಿದವನನ್ನು ಪ್ರವಾದಿ(ಸ)ರು ಒಂಟೆಗಳನ್ನು ಕಟ್ಟಿಹಾಕಿದ ಒಡೆಯನಿಗೆ ಹೋಲಿಸಿದ್ದಾರೆ. ನಿಗಾ ಇಟ್ಟರೆ ಒಂಟೆಗಳು ಉಳಿಯುತ್ತವೆ, ಹಗ್ಗ ಬಿಟ್ಟರೆ ಹೊರಟುಹೋಗುತ್ತವೆ. ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ್ದೂ ಇದನ್ನೇ ಹೋಲುತ್ತದೆ: ಕಲಿತದ್ದರಲ್ಲಿ ಬಹುಪಾಲು ಮೊದಲ ದಿನವೇ ಜಾರಿಹೋಗುತ್ತದೆ, ಮರಳಿ ಮರಳಿ ಓದಿದ್ದು ನಿಲ್ಲುತ್ತದೆ.

ನೆನಪು ಒಂಟಿಯಾಗಿರುವುದಿಲ್ಲ. ಅದು ಸ್ಥಳ, ಧ್ವನಿ, ವಾಸನೆಗಳೊಂದಿಗೆ ಹೆಣೆದುಕೊಂಡಿರುತ್ತದೆ. ಅತ್ತರಿನ ಪರಿಮಳ ಸುಳಿದರೆ ತೀರಿಹೋದ ಅಜ್ಜ ಕಣ್ಣ ಮುಂದೆ ಬರುತ್ತಾರೆ. ಐದು ಹೊತ್ತಿನ ಅಝಾನ್ ಕೂಡ ಮರೆಗುಳಿ ಮಾನವನಿಗೆ ಅಲ್ಲಾಹನು ಕರುಣಿಸಿದ ಅಂತಹ ಒಂದು ಎಳೆ.

ಆದರೆ ಹಗೆಯೂ ಇದೇ ರೀತಿ ಉಳಿಯುತ್ತದೆ. ಬಾಲ್ಯದಲ್ಲಿ ಕಲಿತ ಸೂರಃಗಳು ನಮಗೆ ಮರೆತಿವೆ. ಆಸ್ತಿ ಪಾಲಾದ ದಿನ ತಮ್ಮ ಆಡಿದ ಮಾತು ಮಾತ್ರ ಇಪ್ಪತ್ತು ವರ್ಷಗಳ ಬಳಿಕವೂ ಅಕ್ಷರಶಃ ನೆನಪಿದೆ. ಏಕೆ? ಆ ಒಂಟೆಗೆ ನಾವು ದಿನವೂ ಮೇವು ಹಾಕುತ್ತಿದ್ದೇವೆ!

ಪ್ರವಾದಿ ಯೂಸುಫ್(ಅ)ರು ತಮ್ಮನ್ನು ಬಾವಿಗೆ ತಳ್ಳಿದ್ದ ಅಣ್ಣಂದಿರನ್ನು ಕಂಡೊಡನೆ ಗುರುತಿಸಿದರು. ಅವರಿಗೆ ಯಾವುದೂ ಮರೆತಿರಲಿಲ್ಲ. ಆದರೂ ಅವರನ್ನು ಕ್ಷಮಿಸಿದರು. ಕೊನೆಗೆ ತಂದೆಯ ಮುಂದೆ ಅಲ್ಲಾಹನ ಅನುಗ್ರಹಗಳನ್ನು ಸ್ಮರಿಸುವಾಗ ಸೆರೆಮನೆಯಿಂದ ಬಿಡುಗಡೆಯಾದುದನ್ನು ಹೇಳಿದರು, ಬಾವಿಯ ಮಾತನ್ನೇ ಎತ್ತಲಿಲ್ಲ. ಅಣ್ಣಂದಿರು ಅಲ್ಲೇ ಇದ್ದರಲ್ಲವೇ?

ಸಹೋದರ ಸಹೋದರಿಯರೇ, ನೋವನ್ನು ಮರೆಯುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಮೆಲುಕು ಹಾಕದಿರುವುದು ನಮ್ಮ ಕೈಯಲ್ಲಿದೆ. ಇಂದು ಇಶಾದ ಬಳಿಕ ಮರೆತ ಒಂದು ಸೂರಃವನ್ನು ಮತ್ತೆ ಓದೋಣ, ದೂರವಾದ ಒಡಹುಟ್ಟಿದವರಿಗೆ ಸಲಾಮ್ ಹೇಳೋಣ.

ಅಲ್ಲಾಹನು ನಮ್ಮ ಹೃದಯಗಳನ್ನು ತನ್ನ ಸ್ಮರಣೆಯಿಂದ ತುಂಬಲಿ. ಆಮೀನ್.